ಬಾವಿಗೆ ಬಿದ್ದ ಗೂಢಚಾರ

‘ಗೂಢಚಾರ ವಜ್ರು’ ಸರಣಿಯ ಐದನೇ ಪುಸ್ತಕವನ್ನು ನನಗೆ ತಿಳಿಯದಂತೆ ಯಾರೋ ಓದುತ್ತಿದ್ದರು. ವಜ್ರು ಮಾಡುವಂತೆ ನಾನೂ ಪುಟಗಳ ನಡುವೆ ನೂಲಿನ ಎಳೆ ಇಡುತ್ತಿದ್ದೆ. ಶಾಲೆಯಿಂದ ಬರುವಷ್ಟರಲ್ಲಿ ಅದು ನೆಲದ ಮೇಲಿರುತ್ತಿತ್ತು. ಕಳ್ಳ ಸಿಗುವವರೆಗೆ ಮುಂದಿನ ಪುಟ ಮುಟ್ಟುವುದಿಲ್ಲವೆಂದು ಆಣೆ ಮಾಡಿದೆ.

ಅಣ್ಣ ಸುಜಯನೇ ಇರಬೇಕೆಂದು ಅವನೊಂದಿಗೆ ಜಗಳವಾಡಿದೆ. ಅಜ್ಜ ಆಬಾಸಾಹೇಬರ ಮೇಲೆ ಅನುಮಾನವೇ ಬರಲಿಲ್ಲ. ನಮ್ಮ ಊರು ಕಾಗವಾಡದಲ್ಲೇ ಹುಟ್ಟಿದರೂ ಅವರು ಕಲಿತದ್ದು ಗಡಿಯಾಚೆಯ ಮಿರಜದ ಮರಾಠಿ ಶಾಲೆಯಲ್ಲಿ. ಬಸ್ಸಿನ ಕನ್ನಡ ಬೋರ್ಡನ್ನೂ ನನ್ನಿಂದಲೇ ಓದಿಸುತ್ತಿದ್ದರು.

ಶನಿವಾರ ಶಾಲೆ ಬಿಟ್ಟ ಕೂಡಲೇ ಹಿತ್ತಲ ಬಾಗಿಲಿನಿಂದ ಬಂದು ದ್ರಾಕ್ಷಿ ಕ್ರೇಟುಗಳ ಹಿಂದೆ ಅಡಗಿದೆ.

ಪುಸ್ತಕ ಅಜ್ಜನ ತೊಡೆಯ ಮೇಲಿತ್ತು! ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಓದುತ್ತಿದ್ದರು. ಪಕ್ಕದ ಹಾಳೆಯಲ್ಲಿ ಪ್ರತಿ ಕನ್ನಡ ಅಕ್ಷರದ ಎದುರು ಮರಾಠಿ ಅಕ್ಷರ ಬರೆದುಕೊಂಡಿದ್ದರು.

“ಅಜ್ಜಾ!” ಎಂದು ಎದುರಿಗೆ ಹಾರಿದೆ.

ಅವರು ಬೆರಳು ಕದಲಿಸಲಿಲ್ಲ. “ತಡಿಯವ್ವಾ ಮಯೂರಿ. ವಜ್ರು ಬಾವ್ಯಾಗ ಬಿದ್ದಾನ. ಅವ ಹೊರಗ ಬರೂತನಕ ನಾ ಏಳಾಂಗಿಲ್ಲ.”

“ಕೊಡ್ರಿ ಇಲ್ಲೆ, ನಾ ಓದಿ ಹೇಳ್ತೀನಿ.”

“ಎಪ್ಪತ್ತು ವರ್ಷ ಮಂದಿ ಕನ್ನಡಾ ಓದಿ ಹೇಳಿದ್ದು ಕೇಳೀನಿ,” ಎಂದರು ಅಜ್ಜ, ಮುಂದಿನ ಅಕ್ಷರಕ್ಕೆ ಬೆರಳು ಸರಿಸುತ್ತ. “ಈ ವಜ್ರೂನ್ನ ನಾನ ಮ್ಯಾಲ ಎತ್ತತೀನಿ.”