ಸಮೋವರ್ ಇಲ್ಲದ ಗುಡಾರ

ಬೆಳಿಗ್ಗೆ ಆಫೀಸಿಗೆ ಬಂದವಳೇ ಬುರುಲ್, ಆಟದೊಳಗಿನ ಅತಿಥಿ ಗುಡಾರದಿಂದ ಚಹಾಕ್ಕೆ ನೀರು ಕಾಯಿಸುವ ಸಮೋವರನ್ನು ತೆಗೆದುಹಾಕಿದಳು. ಹದಿಮೂರನೆಯ ಶತಮಾನದ ಸೈನ್ಯ ಕಟ್ಟಿ ಆಡುವ ಕಂಪ್ಯೂಟರ್ ಆಟವದು. ಬಿಷ್ಕೆಕ್‌ನ ಆ ಪುಟ್ಟ ಕಂಪನಿಯಲ್ಲಿ ಇತಿಹಾಸ ತಪ್ಪದಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಮೋವರನ್ನು ಇಡಿಸಿದ್ದೂ ಅವಳೇ. ಅಮ್ಮನ ಹಿತ್ತಾಳೆ ಸಮೋವರಿನ ಹೊಟ್ಟೆಯ ಮೇಲಿನ ತಗ್ಗನ್ನೂ ಬಿಡದೆ ಚಿತ್ರ ಬರೆಸಿದ್ದಳು. ಹುಟ್ಟಿದಾಗಿನಿಂದ ಕಂಡ ವಸ್ತು. ಅದರ ಕಾಲ ವಿಚಾರಿಸಬೇಕೆಂದೇ ಹೊಳೆದಿರಲಿಲ್ಲ. ನಿನ್ನೆ ವಿಚಾರಿಸಿದರೆ, ಅದು ಈ ಕಡೆ ಬಂದದ್ದು ಆಟದ ಕಾಲ ಕಳೆದು ಎಷ್ಟೋ ನೂರು ವರ್ಷಗಳ ಮೇಲೆ.

ಕಂಪನಿಯ ಯಜಮಾನ ಝಾನಿಶ್ ತಲೆ ಮೇಲೆ ಕೈಹೊತ್ತ. "ಬುರುಲಕ್ಕಾ, ನಾಳೆ ಆಟ ತೋರಿಸ್ಬೇಕು. ನಮ್ಮಜ್ಜಿ ಗುಡಾರದಲ್ಲಿ ಸಮೋವರ್ ಇಲ್ವಾ ಅಂತ ಜನ ಉಗೀತಾರೆ."

"ಇದು ಅಜ್ಜೀದಲ್ಲಪ್ಪ, ಅಜ್ಜಿಯ ಅಜ್ಜಿಗೂ ಅಜ್ಜಿ ಆದವಳದು. ಇಡಲ್ಲ."

"ಹಾಗಾದ್ರೆ ನಿಮ್ಮಮ್ಮಂಗೆ ನೀವೇ ಹೇಳಿ. ಸಂಜೆ ನೋಡೋಕೆ ಬರ್ತಾರಲ್ಲ. ಅವರು ಹೂಂ ಅಂದ್ರೆ ನಂದೂ ಹೂಂ."

ತನ್ನ ಸಮೋವರ್ ಆಟದಲ್ಲಿ ಬರುತ್ತದೆಂದು ಎಲ್ಲರೂ ಅಪಾ ಎಂದು ಕರೆಯುವ ಅಮ್ಮ ಕುಲೈಮ್ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಆದರೂ ಬುರುಲ್ ಅದನ್ನು ತಿರುಗಿ ಇಡಲಿಲ್ಲ. ಕುದುರೆ ಹಾಲು ಹುಳಿಯಾಗಿ ಕುಮಿಸ್ ಆಗುವ ಚರ್ಮದ ಚೀಲವೊಂದನ್ನು ಬಾಗಿಲ ಪಕ್ಕ ತೂಗುಹಾಕಿ, ಅದರಲ್ಲಿ ಕಡೆಗೋಲು ನಿಲ್ಲಿಸಿದಳು.

ಕುಲೈಮ್ ಸಮೋವರನ್ನು ಫಳಫಳ ಉಜ್ಜಿ, ಶಾಲಿನಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡೇ ಬಂದಳು. ಪರದೆಯ ಮುಂದೆ ಕೂತು ಗುಡಾರದ ಮೂಲೆಮೂಲೆ ಹುಡುಕಿದಳು.

"ನಂದೆಲ್ಲೇ?"

"ತೆಗೆದೆ, ಅಪಾ. ಆ ಕಾಲದಲ್ಲಿ ಇರಲೇ ಇಲ್ಲ. ತಪ್ಪು ನಂದು."

"ಪಕ್ಕದ್ಮನೆ ಬುಬುಷ್‌ಗೆ ಯಾವ ಮುಖ ತೋರಿಸ್ಲಿ?"

"ನನ್ನ ಮಗಳು ಸುಳ್ಳು ತೋರಿಸಲ್ಲ ಅಂತ ಹೇಳು."

ಕುಲೈಮ್ ಮತ್ತೆ ಪರದೆಯತ್ತ ತಿರುಗಿದಳು. ಅಲ್ಲಿ ದೊರೆಯಾದ ಖಾನನ ದೂತ ಕುದುರೆಯಿಂದಿಳಿದು, ಚೀಲದ ಪಕ್ಕದಲ್ಲೇ ಹಾದು ನೇರ ಒಳಗೆ ಹೋದ.

"ಏಯ್, ಯಾರ ಮಗನೋ ಇವನು! ಚೀಲ ಒಂದೆರಡು ಸಲ ಕಡೀದೆ ಒಳಗೆ ನುಗ್ಗೋದಾ? ನಮ್ಮಮ್ಮ ಆಗಿದ್ರೆ ಬಟ್ಟಲೇ ಕೊಡ್ತಿರ್ಲಿಲ್ಲ."

"ಅಪಾ, ಅವನು ಖಾನನ ದೂತ!" ಝಾನಿಶ್ ನಕ್ಕ.

"ಖಾನನೇ ಬರ್ಲಿ, ಕೈ ಸವೆಯುತ್ತಾ?"

ಚಿಕ್ಕಂದಿನಲ್ಲಿ ಬೆಟ್ಟದ ಹುಲ್ಲುಗಾವಲಿನಲ್ಲಿ ಬುರುಲ್ ಕೂಡ ಕಡೆಯದೆ ಹೊಸ್ತಿಲು ದಾಟಿದವಳಲ್ಲ. ಆಟದಲ್ಲಿ ಮಾತ್ರ ಮರೆತಿದ್ದಳು. ಕುರ್ಚಿ ಎಳೆದುಕೊಂಡು ಕೂತು ದೂತನ ನಡೆ ತಿದ್ದತೊಡಗಿದಳು.

"ಅಕ್ಕಾ, ಇದೂ ಅಜ್ಜಿ ಕಾಲದ್ದೇ ಆಗಿದ್ರೆ?" ಝಾನಿಶ್ ಕೆಣಕಿದ.

"ಚೀಲ, ಕಡೆಗೋಲು ಆಗಿನ ಪ್ರಯಾಣಿಕರು ಕಣ್ಣಾರೆ ಕಂಡು ಬರೆದದ್ದು. ಬಂದವರೆಲ್ಲ ಕಡೀತಿದ್ರು ಅನ್ನೋದು ನನ್ನ ಊಹೆ. ಊಹೆ ಅಂತಲೇ ಆಟದಲ್ಲಿ ಬರೀತೀನಿ."

ಕುಲೈಮ್ ಶಾಲು ಬಿಚ್ಚಿ ಸಮೋವರಿಗೆ ನೀರು ತುಂಬಿದಳು. ಎಲ್ಲರೂ ಎರಡನೇ ಬಟ್ಟಲು ಚಹಾ ಕುಡಿಯುತ್ತಿದ್ದಾಗ ದೂತ ಮತ್ತೆ ಕುದುರೆಯಿಂದಿಳಿದ. ಬಾಗಿಲಲ್ಲಿ ನಿಂತ. ಕಡೆಗೋಲು ಹಿಡಿದ.

"ಹಾಗಾದ್ರೆ ಸಮೋವರ್ ಬೇಡ್ವಾ, ಅಪಾ?" ಝಾನಿಶ್ ಕೇಳಿದ.

"ಆಗ ಇರ್ಲಿಲ್ಲ ಅಂತ ಇವಳು ಹೇಳಿದ್ಲಲ್ಲ, ನಿಂಗೆ ಕಿವಿ ಕೇಳಲ್ವಾ?" ಕುಲೈಮ್‌ಳ ಕಣ್ಣು ದೂತನ ಕೈಯ ಮೇಲೇ ಇತ್ತು. "ಇನ್ನೊಂದು ಸಲ ಕಡಿ ಮಗಾ... ಹಾಂ. ಈಗ ಒಳಗೆ ಬಾ."