ನೋಡದೆ ಒತ್ತಿದ ಮುದ್ರೆ

ವಿಶ್ರಾಂತಿಯ ದಿನ ಬೆಳ್ಳಂಬೆಳಿಗ್ಗೆ ಬಾಗಿಲು ತಟ್ಟಿದಾಗಲೇ ನನಗೆ ರೇಗಿತು. ಆ ದಿನ ಒಲೆ ಹಚ್ಚುವುದೂ ತಪ್ಪೆಂದು ಊರಿಗೆಲ್ಲ ಬೋಧಿಸುವ ಹಿರಿಯ ಗುರುಗಳೇ ಹೊಸ್ತಿಲಲ್ಲಿ ನಿಂತಿದ್ದರು. ಜೊತೆಗೆ ಇಬ್ಬರು ಸಿಪಾಯಿಗಳು.

"ಜೇಡಿಮಣ್ಣು, ಹಗ್ಗ, ಅಚ್ಚು ತಗೊಂಡು ಬಾ. ಒಂದು ಸಮಾಧಿಗೆ ಮುದ್ರೆ ಹಾಕ್ಬೇಕು."

"ಇವತ್ತು ಕೆಲಸ ಮಾಡಿದ್ರೆ ಪಾಪ ಅಂದಿದ್ದು ನೀವೇ ಅಲ್ವಾ ಸ್ವಾಮಿ?"

"ಆ ಪಾಪ ನನಗಿರ್ಲಿ. ನಡಿ."

ಯಾರ ಸಮಾಧಿ ಎಂದು ಕೇಳಬೇಕಾಗಿರಲಿಲ್ಲ. ನಿನ್ನೆ ಶಿಲುಬೆಯ ಮೇಲೆ ಸತ್ತ ಬೋಧಕನದೇ ಸುದ್ದಿ ಬೀದಿ ತುಂಬ. ಅವನನ್ನು ಕೊಲ್ಲಿಸಲು ಓಡಾಡಿದವರಲ್ಲಿ ಈ ಗುರುಗಳೇ ಮುಂದು. ಸತ್ತ ಮೂರನೆಯ ದಿನ ಎದ್ದು ಬರುತ್ತೇನೆ ಎಂದು ಅವನು ಹೇಳಿದ್ದನಂತೆ. ಶಿಷ್ಯರು ಹೆಣ ಕದ್ದೊಯ್ದು, ಎದ್ದೇಬಿಟ್ಟ ಎಂದು ಡಂಗುರ ಸಾರಿದರೆ ಏನು ಗತಿ ಎಂಬುದು ಇವರ ಚಿಂತೆ. ಆ ಶಿಷ್ಯರೋ, ಬಾಲ ಮುದುರಿಕೊಂಡು ಯಾವ ಮೂಲೆ ಸೇರಿದ್ದರೋ.

ಚೀಲ ಕೊಡುತ್ತಾ ಹೆಂಡತಿ ಪಿಸುಗುಟ್ಟಿದಳು. "ಒಳಗೆ ನೋಡದೆ ಒತ್ತಬೇಡಿ ಕಣ್ರೀ."

ಮುದ್ರೆ ಒತ್ತುವ ನಮ್ಮ ಕಸುಬಿನ ಮೊದಲ ನಿಯಮವೇ ಅದು. ಒತ್ತಿದವನು ಒಳಗಿರುವುದನ್ನು ಕಣ್ಣಾರೆ ಕಂಡಿದ್ದಾನೆ ಎಂಬುದಕ್ಕೆ ಮುದ್ರೆಯೇ ಸಾಕ್ಷಿ. ಸಾಕ್ಷಿ ಸುಳ್ಳಾದರೆ ಬಲಗೈ ಹೆಬ್ಬೆರಳು ಕತ್ತರಿಸುತ್ತಾರೆ. ನನ್ನಪ್ಪ ಒಮ್ಮೆ ಯಾರನ್ನೋ ನಂಬಿ ಎಣ್ಣೆಯ ಜಾಡಿಯೊಂದಕ್ಕೆ ನೋಡದೆ ಒತ್ತಿಬಿಟ್ಟಿದ್ದ. ಆಮೇಲೆ ಸಾಯುವವರೆಗೂ ನಾಲ್ಕೇ ಬೆರಳಲ್ಲಿ ಹಗ್ಗ ಹೊಸೆದ.

ಸಮಾಧಿ ಎಂದರೆ ಒಂದು ತೋಟದ ಬಂಡೆಯಲ್ಲಿ ಕೊರೆದ ಗವಿ. ಬಾಯಿಗೆ ನನ್ನೆತ್ತರದ ದುಂಡು ಕಲ್ಲು. ಹಗ್ಗ ಬಿಗಿದು, ಗಂಟಿನ ಮೇಲೆ ಮಣ್ಣು ಮೆತ್ತಿ ಒತ್ತಿದರೆ ಕೆಲಸ ಮುಗಿಯಿತು.

"ಕಲ್ಲು ಒಂಚೂರು ಸರಿಸಿ. ಇಣುಕಿ ನೋಡಿ ಒತ್ತುತ್ತೀನಿ," ಎಂದೆ. ಸಿಪಾಯಿಗಳು ಹಾರೆ ಆನಿಸಿದರು.

"ಬೇಡ!" ಗುರುಗಳು ಕಿರುಚಿದರು. "ಹೆಣ ನೋಡಿದ್ರೆ ಮೈಲಿಗೆ."

"ಮೈಲಿಗೆ ಆಗೋದು ನನಗೆ ತಾನೇ? ನೀವು ಆ ಕಡೆ ತಿರುಗಿ. ರಾತ್ರಿಯೆಲ್ಲ ಇಲ್ಲಿ ಕಾವಲೇ ಇರ್ಲಿಲ್ಲ. ಹೆಣ ಇದೆಯೋ ಇಲ್ವೋ, ಯಾರಿಗೆ ಗೊತ್ತು?"

"ಇಲ್ದೇ ಇದ್ರೆ?"

"ಕದ್ದಿದ್ದಾರೆ ಅಂತ ಈಗ್ಲೇ ಗೊತ್ತಾಗುತ್ತೆ. ಒಳ್ಳೇದೇ ಆಯ್ತಲ್ಲ."

ಅವರು ಹತ್ತಿರ ಬಂದರು. ಬೆಳಗಿನ ತಂಪಿನಲ್ಲೂ ಹಣೆಯಲ್ಲಿ ಬೆವರು. "ಯಾರೂ ಕದೀದೇನೇ ಹೆಣ ಇಲ್ದೆ ಇದ್ರೆ?" ಎಂದು ನನಗೊಬ್ಬನಿಗೇ ಕೇಳುವಂತೆ ಅಂದರು.

ಇಷ್ಟು ಹೊತ್ತೂ ಇವರಿಗೆ ಕಳ್ಳರ ಭಯ ಅಂದುಕೊಂಡಿದ್ದೆ. ಆ ಕಲ್ಲಿನ ಕಡೆ ನೋಡಲು ಈಗ ನನಗೂ ಹೆದರಿಕೆಯಾಯಿತು.

"ಒತ್ತು. ಇಲ್ಲಾಂದ್ರೆ ನಿನ್ನ ಮನೆಯವರು ಯಾರೂ ಇನ್ನು ಪ್ರಾರ್ಥನಾಮಂದಿರದ ಮೆಟ್ಟಿಲು ಹತ್ತೋ ಹಾಗಿಲ್ಲ."

"ಹೊರಗೆ ಹಾಕಿ ಸ್ವಾಮಿ. ಬೆರಳಾದ್ರೂ ಉಳಿಯುತ್ತೆ. ಅಷ್ಟು ಧೈರ್ಯ ಇದ್ರೆ ನಿಮ್ಮ ಮುದ್ರೆಯುಂಗುರಾನೇ ಒತ್ತಿ."

"ಯಾರದಾದ್ರೂ ಸರಿ, ಬೇಗ ಮುಗಿಸಿ," ಎಂದು ಸಿಪಾಯಿ ಗೊಣಗಿದ.

ಗುರುಗಳು ಹಾರೆಯನ್ನು ನೋಡಿದರು, ಕಲ್ಲನ್ನು ನೋಡಿದರು. ಕೊನೆಗೆ ಉಂಗುರ ಕಳಚಿದರು. ನಾನು ಹಗ್ಗ ಬಿಗಿದು ಮಣ್ಣು ಮೆತ್ತಿದೆ. ಅವರು ಒತ್ತಿದ ಮೊದಲ ಅಚ್ಚು ಕದಡಿಹೋಯಿತು. ಅಯ್ಯೋ ಅನ್ನಿಸಿತು. ಮಣ್ಣನ್ನು ಸವರಿ ಮಟ್ಟ ಮಾಡಿ, ಎರಡನೆಯ ಸಲ ಅವರ ಮಣಿಕಟ್ಟನ್ನು ನಾನೇ ಹಿಡಿದುಕೊಂಡೆ. ಈ ಸಲ ಅಚ್ಚು ಚೆನ್ನಾಗಿ ಮೂಡಿತು.

ಅವರು ಕೈ ತೆಗೆಯಲಿಲ್ಲ. "ಒಳಗೇ ಇದ್ದಾನೆ ಅಲ್ವೇನಪ್ಪಾ?" ಎಂದರು.

"ನನ್ನ ಕೇಳಿದ್ರೆ ಹೇಗೆ ಸ್ವಾಮಿ?" ಎಂದೆ. "ಕಣ್ಣಾರೆ ಕಂಡಿದ್ದೀನಿ ಅಂತ ಒತ್ತಿರೋರು ನೀವು."