ವಾಡಿಕೆಯಂತೆ ಮುದ್ರೆ

“ಮದ್ದು ಇದೆ ಕಣೋ. ನಮ್ಮ ಕಟ್ಟಡದಲ್ಲೇ, ನನ್ನ ಕಾಲ ಕೆಳಗೇ ಇದೆ. ನೀನು ಗಾಬರಿ ಆಗ್ಬೇಡ,” ಎಂದಳು ಡಾಕ್ಟರಮ್ಮ ಫೋನಿನಲ್ಲಿ.

ಆ ಕಡೆ ತಮ್ಮನ ಹಿಂದೆ ಮಗು ಉಸಿರೆಳೆಯುವ ಸದ್ದು ಕೇಳಿಸುತ್ತಿತ್ತು, ಎಣ್ಣೆ ಕಾಣದ ಬಾಗಿಲನ್ನು ಯಾರೋ ಎಳೆದೆಳೆದು ಬಿಟ್ಟಂತೆ.

“ಬೂಸ್ಟರ್ ಹಾಕ್ಸೋಕೆ ಹೋಗಿದ್ವಿ ಅಕ್ಕ. ಹೊಸ ಆಫೀಸು ಬರ್ಲಿ, ಆಮೇಲೆ ಬನ್ನಿ ಅಂದ್ರು,” ಎಂದ ತಮ್ಮ. ದೂರುವ ದನಿಯಲ್ಲೇನೂ ಅಲ್ಲ. ದೂರಿದ್ದರೇ ವಾಸಿಯಿತ್ತು.

ಮಗುವನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅದಕ್ಕೀಗ ಗಂಟಲಮಾರಿ, ಡಿಫ್ತೀರಿಯಾ. ಗಂಟಲೊಳಗಿನ ಬೂದು ಪೊರೆ ನೋಡಿದ ಕೂಡಲೇ ಮಕ್ಕಳ ವಾರ್ಡಿನ ಡಾಕ್ಟರು ಹೇಳಿಬಿಟ್ಟಿದ್ದರು: ವಿಷ ಮುರಿಯುವ ಮದ್ದು ಇವತ್ತೇ, ಕತ್ತಲಾಗುವ ಮೊದಲೇ ಬೀಳಬೇಕು, ವಿಷ ಒಮ್ಮೆ ಹೃದಯಕ್ಕಿಳಿದರೆ ಆಮೇಲೆ ಯಾವ ಮದ್ದೂ ಇಲ್ಲ. ರೋಗವೇ ಅಪರೂಪವಾದ ಮೇಲೆ ಅದರ ಮದ್ದನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಇಡೀ ರಾಜ್ಯಕ್ಕೆ ಅದು ಇದ್ದದ್ದು ಒಂದೇ ಕಡೆ, ಆರೋಗ್ಯ ನಿರ್ದೇಶನಾಲಯದ ನೆಲಮಾಳಿಗೆಯ ಶೀತಲ ಕೋಣೆಯಲ್ಲಿ.

ತಮಾಷೆಯೆಂದರೆ ನಿರ್ದೇಶನಾಲಯ ಎಂಬುದೇ ಈಗ ಇರಲಿಲ್ಲ. ಬೇಸಿಗೆಯ ಮೊದಲಲ್ಲೇ ಅದನ್ನು ರದ್ದು ಮಾಡಿದ್ದರು. ಅದರ ಜಾಗಕ್ಕೆ ಸಾರ್ವಜನಿಕ ಆರೋಗ್ಯ ಪ್ರಾಧಿಕಾರ ಬರಬೇಕಿತ್ತು. ಅದಕ್ಕಾಗಿ ಚಪ್ಪಲಿ ಸವೆಸಿದವಳು ಈ ಡಾಕ್ಟರಮ್ಮನೇ. ಲಸಿಕೆ ಒಂದು ಇಲಾಖೆ, ಕುಡಿಯುವ ನೀರು ಇನ್ನೊಂದು, ಗಾಡಿ ಮತ್ತೊಂದು. ಜ್ವರ ಬಿದ್ದ ಊರಿಗೆ ಮೂವರೂ ಹೋಗಿ ಮುಟ್ಟುವಷ್ಟರಲ್ಲಿ ಜ್ವರ ತಾನಾಗೇ ಹೊರಟುಹೋಗಿರುತ್ತಿತ್ತು, ಜನರನ್ನೂ ಕರೆದುಕೊಂಡು. ಎಲ್ಲವೂ ಒಂದೇ ಸೂರಿನಡಿ ಬರಲಿ ಎಂದು ಅವಳು ಗೋಗರೆಯದ ಬಾಗಿಲಿಲ್ಲ. ಕಾನೂನಾಯಿತು. ಆದರೆ ಮಂತ್ರಿಗಳಿಗೆ ಉದ್ಘಾಟನೆಗೆ ಪುರುಸೊತ್ತಾಗಲಿಲ್ಲ; ದಿನ ಮುಂದೆ ಹೋಗುತ್ತಾ ಬೇಸಿಗೆಯೇ ಕಳೆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಬೋರ್ಡು, ಲಾಂಛನ, ಲಾಂಛನವಿರುವ ಕಾಫಿ ಲೋಟ ಎಲ್ಲ ಬಂದು ಕೂತಿದ್ದವು. ಅವಳನ್ನು ವಿಶೇಷಾಧಿಕಾರಿ ಎಂದು ಕರೆದು ಕುರ್ಚಿ ಕೊಟ್ಟಿದ್ದರು, ಸಹಿಯ ಅಧಿಕಾರ ಕೊಟ್ಟಿರಲಿಲ್ಲ. ಉದ್ಘಾಟನೆ ಕೊನೆಗೂ ಇವತ್ತು ಸಂಜೆಗೆ ನಿಂತಿತ್ತು.

ಅವಳು ಐಸ್ ಪೆಟ್ಟಿಗೆ ಹಿಡಿದು ನೆಲಮಾಳಿಗೆಗೆ ಇಳಿದಳು. ಬಾಗಿಲ ಮುಂದೆ ಕಾವಲಿನವನು ಎದ್ದು ನಿಂತ. ಬೀಗದ ಮೇಲೆ ಬಟ್ಟೆ ಸುತ್ತಿ ಕೆಂಪು ಅರಗಿನ ಮುದ್ರೆ ಒತ್ತಿದ್ದರು.

“ಮುದ್ರೆ ಮುಟ್ಟೋ ಹಾಗಿಲ್ಲ ಮೇಡಂ. ಹೊಸಬರು ಅಧಿಕಾರ ವಹಿಸ್ಕೊಳ್ಳೋ ತನಕ ಯಾರೂ ತೆಗೀಬಾರ್ದು ಅಂತ ಆದೇಶ.”

“ಯಾರದ್ದು ಆದೇಶ?”

“ನಿಮ್ದೇ ಮೇಡಂ.”

ಅವನು ಕೊಂಕು ಆಡಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ.

ನಿಜ. ಹಳೆ ಇಲಾಖೆ ಮುಚ್ಚಿ ಹೊಸದು ಬರುವ ನಡುವೆ ಕುರ್ಚಿ ಕಪಾಟುಗಳಿಗೆ ಕಾಲು ಬಂದುಬಿಡುತ್ತವೆ ಎಂದು ಹೆದರಿ, ಎಲ್ಲ ಕೋಣೆಗಳಿಗೂ ಮುದ್ರೆ ಹಾಕುವಂತೆ ಆದೇಶ ಬರೆದು ಇಲಾಖೆಯ ಕಾರ್ಯದರ್ಶಿಯ ಸಹಿ ಹಾಕಿಸಿದವಳು ಅವಳೇ. ದಿನಬಳಕೆಯ ಲಸಿಕೆಗಳನ್ನೆಲ್ಲ ಜಿಲ್ಲೆಗಳಿಗೆ ಕಳಿಸಿಯಾಗಿತ್ತು. ಅಪರೂಪದವು ಮಾತ್ರ ಒಳಗೆ ಉಳಿದಿದ್ದವು.

ಅಲ್ಲಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದಳು.

“ಅಯ್ಯೋ, ಛೆ,” ಎಂದರು ಕಾರ್ಯದರ್ಶಿ, ಮನಸಾರೆ. “ಒಂದು ಕೆಲಸ ಮಾಡೋಣ ಮೇಡಂ. ಉದ್ಘಾಟನೆ ಆಗಿಬಿಡ್ಲಿ. ಪ್ರಾಧಿಕಾರದ ಮೊದಲನೇ ಸಹಿ ಇದಕ್ಕೇ ಹಾಕ್ಸೋಣ. ಪೇಪರಿನವರೂ ಇರ್ತಾರೆ, ಮಗು ಉಳೀತು ಅಂತ ಒಳ್ಳೇ ಸುದ್ದಿ ಆಗುತ್ತೆ.”

“ನಿಮ್ಮ ಸುದ್ದಿಗೆ ಬೆಂಕಿ ಬೀಳ!” ಎಂದು ಅವಳು ಫೋನು ಇಟ್ಟಳು. ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಹೀಗೆಂದದ್ದು ಇದೇ ಮೊದಲು.

ಅಷ್ಟರಲ್ಲಿ ಅವಳು ಹೇಳಿಕಳಿಸಿದ್ದ ಉಗ್ರಾಣದ ಅಧಿಕಾರಿ ಬೀಗದ ಕೈ ಗೊಂಚಲು ಹಿಡಿದು ಏದುಸಿರು ಬಿಡುತ್ತ ಬಂದರು. ನಿವೃತ್ತಿಗೆ ಹತ್ತಿರವಾದ, ಯಾರ ಗೊಡವೆಗೂ ಹೋಗದ ಮನುಷ್ಯ. “ಮೇಡಂ, ನನ್ನ ನೌಕರಿ...” ಎಂದು ತೊದಲಿದರು.

“ಕೇಳಿದ್ರೆ ನನ್ನ ಹೆಸರು ಹೇಳಿ. ಕೊಡಿ ಇಲ್ಲಿ.”

ಗೊಂಚಲಿನಿಂದಲೇ ಅರಗಿಗೆ ಕುಟ್ಟಿದಳು. ಅದು ಚೂರುಚೂರಾಗಿ ಅವಳ ಪಾದದ ಮೇಲೆ ಉದುರಿತು. ಮೇಲೆ ಸಭಾಂಗಣದಲ್ಲಿ ಯಾರೋ “ಹಲೋ, ಹಲೋ” ಎಂದು ಮೈಕು ನೋಡುತ್ತಿದ್ದರು.

ಬಾಗಿಲು ತೆರೆದಾಗ ಮುಖಕ್ಕೆ ಬಡಿಯಬೇಕಾದ ಚಳಿ ಬಡಿಯಲಿಲ್ಲ. ಮುಗ್ಗಲು ನಾತದ ಬೆಚ್ಚನೆಯ ಗಾಳಿ ಹೊರಗೆ ಬಂತು. ಒಳಗೆ ಮೋಟಾರಿನ ಗುಂಯ್‌ಗುಡುವಿಕೆ ಇರಲಿಲ್ಲ. ನೆಲದ ಮೇಲೆ ನೀರು ಹರಿದು ಆರಿದ ಕಲೆ.

ಉಗ್ರಾಣದ ಅಧಿಕಾರಿ ಬಾಗಿಲ ಪಕ್ಕಕ್ಕೆ ಕೈ ಹಾಕಿ ಟಕ್ಕೆಂದು ಮೇನ್ ಸ್ವಿಚ್ಚು ಒತ್ತಿದರು. ಏನೂ ಆಗಿಲ್ಲವೆಂಬಂತೆ ಮೋಟಾರು ಶುರುವಾಯಿತು.

“ಏನಿಲ್ಲ ಮೇಡಂ, ಆಫ್ ಆಗಿತ್ತಷ್ಟೆ. ನಾನೇ ಮಾಡಿದ್ದು.”

“ನೀವೇ?”

“ಮುದ್ರೆ ಹಾಕೋ ಮುಂಚೆ ಮೇನ್ ಆಫ್ ಮಾಡೋದಲ್ವಾ ವಾಡಿಕೆ? ಹಿಂದೊಮ್ಮೆ ಮುದ್ರೆ ಹಾಕಿದ್ದ ಕೋಣೇಲಿ ಫ್ಯಾನು ಸುಟ್ಟು ಬೆಂಕಿ ಬಿದ್ದಿತ್ತು. ಅವತ್ತಿಂದ ಒಂದು ಕೋಣೇನೂ ತಪ್ಪಿಸಿಲ್ಲ ನಾನು. ನೀವೂ ‘ವಾಡಿಕೆಯಂತೆ ಮುದ್ರೆ ಹಾಕಿ’ ಅಂತಲೇ ಬರೆದಿದ್ರಲ್ಲ.”

“ಇದು ಶೀತಲ ಕೋಣೆ ಕಣ್ರೀ!”

“ಇದಕ್ಕೆ ಯಾರೂ ಯಾವತ್ತೂ ಮುದ್ರೆ ಹಾಕಿರ್ಲಿಲ್ಲ ಮೇಡಂ,” ಎಂದರು ಅವರು. ಆಮೇಲೆ ತಾವೇ ಹೇಳಿದ್ದು ತಮಗೇ ಅರ್ಥವಾಗಿ, ಗೋಡೆ ಹಿಡಿದುಕೊಂಡರು.

ಬೈಯಬೇಕೆಂದು ಬಾಯಿ ತೆರೆದಳು. ಯಾರನ್ನು? ಆದೇಶ ಬರೆಯುವಾಗ ಅವಳ ಕಣ್ಣ ಮುಂದಿದ್ದದ್ದು ಕುರ್ಚಿ, ಕಪಾಟು, ಕಡತ. ಈ ಕೋಣೆ ನೆನಪಿಗೇ ಬಂದಿರಲಿಲ್ಲ. ಸೀಸೆಯೊಂದನ್ನು ಎತ್ತಿ ದೀಪಕ್ಕೆ ಹಿಡಿದಳು. ತಿಳಿಯಾಗಿರಬೇಕಾದ ಮದ್ದಿನಲ್ಲಿ ಒಡೆದ ಹಾಲಿನಂಥ ಚೂರುಗಳು ಮೆಲ್ಲಗೆ ಸುತ್ತುತ್ತಿದ್ದವು. ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು, ತಳದವರೆಗೂ ಕೈ ಹಾಕಿ ಹುಡುಕಿದಳು. ಒಂದೂ ಉಳಿದಿರಲಿಲ್ಲ.

ನೆರೆರಾಜ್ಯದ ಉಗ್ರಾಣಕ್ಕೆ ಫೋನು ಹಚ್ಚಿದಳು. ಮದ್ದಿದೆ ಎಂದರು. ಯಾವ ಕಚೇರಿಯಿಂದ ಕೇಳುತ್ತಿದ್ದೀರಿ ಎಂದರು. ಹಳೆಯದು ಸತ್ತಿತ್ತು, ಹೊಸದು ಹುಟ್ಟಿರಲಿಲ್ಲ.

“ಮಗುವಿನ ಅತ್ತೆ ಅಂತ ಬರ್ಕೊಳ್ಳಿ,” ಎಂದಳು. “ಕೈ ಮುಗೀತೀನಿ ಸ್ವಾಮಿ.”

ಆ ಕಡೆಯವರು ಕಚೇರಿಯ ಹೆಸರು ಮತ್ತೆ ಕೇಳಲಿಲ್ಲ. “ಈಗಲೇ ಕಳಿಸ್ತೀನಿ ತಾಯಿ. ಆದ್ರೆ ಗಾಡಿ ನಿಮ್ಮೂರು ಮುಟ್ಟೋದು ನಾಳೆ ಮಧ್ಯಾಹ್ನ.”

ಅವಳು ಆ ಸೀಸೆಗಳನ್ನೇ ಐಸ್ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕಿದಳು. ಕೆಟ್ಟ ಮದ್ದು ತಣ್ಣಗಾದರೆ ಒಳ್ಳೆಯದಾಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರಿಗೈಲಿ ಆ ವಾರ್ಡಿಗೆ ಹೋಗುವ ಧೈರ್ಯ ಬರಲಿಲ್ಲ.

ವಾರ್ಡಿನಲ್ಲಿ ತಮ್ಮ ಬಾಗಿಲನ್ನೇ ನೋಡುತ್ತ ನಿಂತಿದ್ದ. ಅವಳ ಕೈಯಲ್ಲಿನ ಪೆಟ್ಟಿಗೆ ಕಂಡದ್ದೇ ಅವನ ಮುಖವೆಲ್ಲ ಸಡಿಲವಾಯಿತು. ನಕ್ಕು ಹೆಂಡತಿಯತ್ತ ತಿರುಗಿದ.

“ನಾನು ಹೇಳಿರ್ಲಿಲ್ವೇನೇ? ಅಕ್ಕ ತಂದೇ ತರ್ತಾಳೆ ಅಂತ!”

“ಬನ್ನಿ ಅತ್ತಿಗೆ, ಬನ್ನಿ,” ಎಂದು ತಮ್ಮನ ಹೆಂಡತಿ ಮಂಚದ ಮೇಲೆ ಸರಿದು ಜಾಗ ಮಾಡಿದಳು. ಡಾಕ್ಟರಮ್ಮ ಕೂರಲಿಲ್ಲ; ಪೆಟ್ಟಿಗೆಯ ಮುಚ್ಚಳವನ್ನು ಅದುಮಿ ಹಿಡಿದು ನಿಂತಳು.

“ಗುಬ್ಬೀ, ಅತ್ತೆ ಬಂದ್ರು ನೋಡು. ಒಂದೇ ಒಂದು ಚುಚ್ಚು, ಇರುವೆ ಕಚ್ಚಿದಷ್ಟು, ಆಯ್ತಾ ಕಂದ?”

ಹಾಗೆನ್ನುತ್ತ ತಾಯಿ ಮಗುವಿನ ಅಂಗಿಯ ತೋಳನ್ನು ಭುಜದವರೆಗೂ ಮಡಚಿದಳು. ಅಂಗೈಯಿಂದ ಬೆವರು ಒರೆಸಿ, ಆ ಪುಟ್ಟ ತೋಳನ್ನು ಮುಂದಕ್ಕೆ ಹಿಡಿದು ಕಾದಳು.